ಅಳತೆ ಸರಿ ಇದ್ದರೂ ಆ ಪಿನ್ ಬೇಡ ಅನ್ನುವುದು ಯಾಕೆ?

ಅಮೆರಿಕದ ರಕ್ಷಣಾ ಇಲಾಖೆಯ ಖರೀದಿ ನೋಟಿಸುಗಳನ್ನು ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ಓದಬಹುದು. ವಿಮಾನದ ಬಿಡಿಭಾಗಗಳ ಹತ್ತಿಪ್ಪತ್ತು ನೋಟಿಸು ಓದುವಷ್ಟರಲ್ಲಿ ಅದರ ಧಾಟಿ ಗೊತ್ತಾಗಿಬಿಡುತ್ತದೆ. ಇಂಥ ವಿಮಾನದ ಲ್ಯಾಂಡಿಂಗ್ ಗೇರ್‌ಗೆ ಇಂಥ ಪಿನ್ ಬೇಕು, ಇಷ್ಟು ಬೇಕು, ಇಷ್ಟು ದಿನದಲ್ಲಿ ಬೇಕು. ಆಮೇಲೆ ಒಂದು ಸಾಲು: ಒಪ್ಪಿಗೆ ಪಡೆದ ಪೂರೈಕೆದಾರರಿಂದ ಮಾತ್ರ ಕೊಳ್ಳಲಾಗುವುದು. ಅದರ ಕೆಳಗೆ ಒಂದೋ ಎರಡೋ ಕಂಪನಿಗಳ ಕೋಡ್. ಅಷ್ಟೇ.

ಮೊದಲ ಸಲ ನೋಡಿದವರಿಗೆ ಅನುಮಾನ ಬರುವುದು ಸಹಜ. ಜನರ ತೆರಿಗೆ ದುಡ್ಡು. ಕೊಳ್ಳುತ್ತಿರುವುದು ಒಂದು ಉಕ್ಕಿನ ಪಿನ್. ಒಳ್ಳೆ ಲೇತ್, ಒಳ್ಳೆ ಕೆಲಸಗಾರ ಇರುವ ಯಾವ ವರ್ಕ್‌ಶಾಪ್ ಬೇಕಾದರೂ ಮಾಡಿಕೊಡಬಹುದು ಅಲ್ವಾ? ಟೆಂಡರ್ ಕರೆದು, ಕಡಿಮೆ ಬೆಲೆಗೆ ಕೊಡುವವರಿಂದ ಕೊಳ್ಳುವುದು ಬಿಟ್ಟು ಇಬ್ಬರಿಗೇ ಯಾಕೆ ಕಟ್ಟಿಹಾಕಿದ್ದಾರೆ?

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಸ್ವಲ್ಪ ಉದ್ದ. ಅದರಲ್ಲಿ ಅರ್ಧ ಭಾಗ ಲೋಹದ ಕಥೆ, ಇನ್ನರ್ಧ ದುಡ್ಡಿನ ಕಥೆ. ಎರಡನ್ನೂ ಒಟ್ಟಿಗೆ ನೋಡದಿದ್ದರೆ ಇದು ಬರೀ ಭ್ರಷ್ಟಾಚಾರದ ಥರ ಕಾಣುತ್ತದೆ, ಇಲ್ಲಾ ಬರೀ ಸುರಕ್ಷತೆಯ ಥರ ಕಾಣುತ್ತದೆ.

ಲೋಹದಿಂದಲೇ ಶುರು ಮಾಡೋಣ.

ಮೇಜಿನ ಮೇಲೆ ಎರಡು ಪಿನ್ ಇಟ್ಟಿದ್ದಾರೆ ಅಂದುಕೊಳ್ಳಿ. ಎರಡೂ ಒಂದೇ ಉಕ್ಕು. ಲ್ಯಾಂಡಿಂಗ್ ಗೇರ್‌ಗೆ ಬಳಸುವ ತುಂಬಾ ಗಟ್ಟಿ ಜಾತಿ, 300ಎಂ ಅನ್ನುತ್ತಾರಲ್ಲ, ಅದು. ಉದ್ದ ಒಂದೇ, ವ್ಯಾಸ ಒಂದೇ, ತೂಕ ಒಂದೇ. ತುಕ್ಕು ಹಿಡಿಯದಿರಲಿ ಅಂತ ಎರಡಕ್ಕೂ ಕ್ಯಾಡ್ಮಿಯಂ ಪ್ಲೇಟಿಂಗ್, ಅಂದರೆ ಆ ಲೋಹದ ತೆಳು ಲೇಪ, ಆಗಿದೆ. ಮೈಕ್ರೊಮೀಟರ್ ಹಿಡಿದು ಅಳೆದರೆ ಎರಡೂ ಪಾಸು. ವ್ಯತ್ಯಾಸ ಇಷ್ಟೇ: ಪ್ಲೇಟಿಂಗ್ ಆದಮೇಲೆ ಒಂದನ್ನು ಓವನ್ನಿನಲ್ಲಿ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 23 ಗಂಟೆ ಇಟ್ಟಿದ್ದರು. ಇನ್ನೊಂದನ್ನು ಇಟ್ಟಿರಲಿಲ್ಲ, ಅಥವಾ ಮಾರನೇ ದಿನ ನೆನಪಾಗಿ ಇಟ್ಟರು.

ಪ್ಲೇಟಿಂಗ್ ಮಾಡುವಾಗ, ಅದಕ್ಕೂ ಮುಂಚೆ ಆಸಿಡ್‌ನಲ್ಲಿ ತೊಳೆದರೆ ಆಗಲೂ, ಹೈಡ್ರೋಜನ್ ಉಕ್ಕಿನ ಒಳಗೆ ಸೇರಿಕೊಳ್ಳುತ್ತದೆ. ಹೈಡ್ರೋಜನ್ ಪರಮಾಣು ತುಂಬಾ ಚಿಕ್ಕದು, ಎಲ್ಲಿ ಬೇಕಾದರೂ ನುಸುಳುತ್ತದೆ. ಸಾಧಾರಣ ಉಕ್ಕಿಗೆ ಇದರಿಂದ ಅಂಥಾ ತೊಂದರೆ ಇಲ್ಲ. ತುಂಬಾ ಗಟ್ಟಿ ಉಕ್ಕಿಗೆ ಮಾತ್ರ ಇದು ವಿಷ. ಒಳಗೆ ಸೇರಿದ ಹೈಡ್ರೋಜನ್ ಒತ್ತಡ ಜಾಸ್ತಿ ಇರುವ ಜಾಗಕ್ಕೆ ಹೋಗಿ ಕೂರುತ್ತದೆ, ಅಲ್ಲಿ ಸಣ್ಣ ಬಿರುಕು ಶುರುವಾಗುತ್ತದೆ, ಆಮೇಲೆ ಒಂದು ದಿನ ಆ ಪಿನ್ ತಡೆಯಬೇಕಾದ ಭಾರಕ್ಕಿಂತ ಎಷ್ಟೋ ಕಮ್ಮಿ ಭಾರಕ್ಕೇ ಗಾಜಿನ ಹಾಗೆ ಪಟ್ ಅಂತ ಮುರಿಯುತ್ತದೆ. ಮುರಿಯುವುದು ಕೂಡ ತಕ್ಷಣ ಅಲ್ಲ. ಭಾರ ಬಿದ್ದು ಕೆಲವು ಗಂಟೆ ಆದಮೇಲೆ, ಕೆಲವು ದಿನ ಆದಮೇಲೆ. ಅದಕ್ಕೇ ಪ್ಲೇಟಿಂಗ್ ಮುಗಿದ 4 ಗಂಟೆಯ ಒಳಗೆ ಓವನ್ನಿಗೆ ಹಾಕಬೇಕು ಅನ್ನುವ ನಿಯಮ. ಅಷ್ಟು ಹೊತ್ತು ಬಿಸಿಯಲ್ಲಿಟ್ಟರೆ ಹೈಡ್ರೋಜನ್ ಹೊರಗೆ ಹೋಗುತ್ತದೆ, ಉಳಿದದ್ದು ಕೆಡುಕು ಮಾಡದ ಜಾಗಕ್ಕೆ ಸರಿಯುತ್ತದೆ. ಪ್ಲೇಟಿಂಗ್ ತೊಟ್ಟಿ ಸರಿಯಾಗಿದೆಯಾ ಅಂತ ನೋಡಲು ಬೇರೆ ಪರೀಕ್ಷೆಯೇ ಇದೆ. ಬೇಕಂತಲೇ ಕಚ್ಚು ಕೊಯ್ದ ಮಾದರಿ ತುಂಡುಗಳಿಗೆ ಪ್ಲೇಟಿಂಗ್ ಮಾಡಿ, ಅವು ಮುರಿಯುವ ಭಾರದ ಶೇ. 75ರಷ್ಟನ್ನು ಹೇರಿ, 200 ಗಂಟೆ ಹಾಗೇ ಬಿಡುತ್ತಾರೆ. ಮುರಿಯದೆ ಉಳಿದರೆ ಪಾಸು.

ಈಗ ಆ ಎರಡು ಪಿನ್‌ಗಳನ್ನು ಮತ್ತೆ ನೋಡಿ. ಯಾವುದು ಓವನ್ನಿಗೆ ಹೋಗಿತ್ತು, ಯಾವುದು ಹೋಗಿರಲಿಲ್ಲ? ಕಣ್ಣಿಗೆ ಗೊತ್ತಾಗಲ್ಲ. ಅಳತೆಯಲ್ಲಿ ಗೊತ್ತಾಗಲ್ಲ. ಮುರಿದು ನೋಡಿದರೆ ಗೊತ್ತಾಗಬಹುದು, ಆದರೆ ಮುರಿದ ಪಿನ್ ಯಾರಿಗೂ ಬೇಡ. ತಿಳಿಯುವ ದಾರಿ ಒಂದೇ, ಅದನ್ನು ಮಾಡಿದವರು ಆ ದಿನ ಏನೇನು ಮಾಡಿದರು ಅಂತ ನಂಬಿಕೆಯಿಂದ ಹೇಳುವ ದಾಖಲೆ. ಓವನ್ನಿನ ಚಾರ್ಟ್, ಬ್ಯಾಚ್ ನಂಬರ್, ಯಾವ ಉಕ್ಕಿನ ಕಾರ್ಖಾನೆಯ ಯಾವ ಕರಗಿನಿಂದ (ಅಂದರೆ ಒಂದೇ ಸಲಕ್ಕೆ ಕರಗಿಸಿದ ಉಕ್ಕಿನಿಂದ) ಬಂದ ಸರಳು, ಹೀಟ್ ಟ್ರೀಟ್‌ಮೆಂಟ್ (ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿ ಮಾಡುವುದು) ಮಾಡಿದವರ ಸರ್ಟಿಫಿಕೇಟ್, ಬಿರುಕು ಹುಡುಕುವ ಮ್ಯಾಗ್ನೆಟಿಕ್ ಪರೀಕ್ಷೆಗೆ ಸಹಿ ಹಾಕಿದವರು ಯಾರು, ಇದೆಲ್ಲ.

ಹಾಗಾಗಿ ಸರ್ಕಾರ ಪಿನ್ ಕೊಳ್ಳುವಾಗ ಅದರ ಜತೆಗೆ ಒಂದು ಕೆಲಸದ ಕ್ರಮವನ್ನೂ ಕೊಳ್ಳುತ್ತಿರುತ್ತದೆ. ಒಪ್ಪಿಗೆ ಪಡೆದ ಪೂರೈಕೆದಾರ ಅಂದರೆ, ಇವರು ಈ ಭಾಗವನ್ನು ಈ ಕ್ರಮದಲ್ಲಿ ಮಾಡುತ್ತಾರೆ, ನಾವು ಹೋಗಿ ನೋಡಿದ್ದೇವೆ, ಇವರ ದಾಖಲೆಯನ್ನು ನಂಬಬಹುದು ಅಂತ ಎಂಜಿನಿಯರುಗಳು ಬರೆದುಕೊಟ್ಟಿದ್ದಾರೆ ಅಂತ ಅರ್ಥ. ಒಪ್ಪಿಗೆ ಕಂಪನಿಗೆ ಸಾರಾಸಗಟಾಗಿ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. ಒಂದು ಭಾಗಕ್ಕೆ ಸಿಕ್ಕಿದ ಒಪ್ಪಿಗೆ ಪಕ್ಕದ ಭಾಗಕ್ಕೆ ನಡೆಯಲ್ಲ.

ಇದನ್ನೆಲ್ಲ ಅತಿಯಾಯಿತು ಅನ್ನುವವರಿಗೆ ನಾನು 1989ರ ಸೆಪ್ಟೆಂಬರ್ 8ನ್ನು ನೆನಪಿಸುತ್ತೇನೆ. ಪಾರ್ಟ್‌ನೇರ್ ಅನ್ನುವ ನಾರ್ವೆಯ ಕಂಪನಿಯ ಕಾನ್ವೇರ್ 580 ವಿಮಾನ ಓಸ್ಲೋದಿಂದ ಹ್ಯಾಂಬರ್ಗ್ ಕಡೆ ಹೊರಟಿತ್ತು. ಡೆನ್ಮಾರ್ಕಿನ ಹತ್ತಿರ ಸಮುದ್ರದ ಮೇಲೆ ಅದರ ಬಾಲ ಕಿತ್ತುಬಂತು. 55 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸಮುದ್ರದ ತಳದಿಂದ ಚೂರುಗಳನ್ನು ಎತ್ತಿ ಜೋಡಿಸಿ ನೋಡಿದಾಗ, ಬಾಲದ ನಿಂತ ರೆಕ್ಕೆಯನ್ನು ಹಿಡಿದಿದ್ದ ಬೋಲ್ಟ್‌ಗಳಲ್ಲಿ ಅಸಲಿಯಲ್ಲದವು ಸಿಕ್ಕಿದವು. ಇರಬೇಕಾದಷ್ಟು ಗಟ್ಟಿ ಇರಲಿಲ್ಲ, ಸವೆದಿದ್ದವು. ಅದು ಸೇನೆಯ ವಿಮಾನ ಅಲ್ಲ, ನಿಜ. ಬೋಲ್ಟಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ಅಮೆರಿಕದಲ್ಲಿ ಇದಕ್ಕೆ ಕಾನೂನೇ ಇದೆ. 2003ರ ನವೆಂಬರಿನಲ್ಲಿ ಸಹಿ ಬಿದ್ದ ರಕ್ಷಣಾ ಕಾಯ್ದೆಯಲ್ಲಿ ಒಂದು ಕಲಂ ಸೇರಿಸಿ, ಒಂದು ವರ್ಗದ ಭಾಗಗಳಿಗೆ ಬೇರೆ ನಿಯಮ ಮಾಡಿದರು. ಅವುಗಳ ಹೆಸರು ಕ್ರಿಟಿಕಲ್ ಸೇಫ್ಟಿ ಐಟಂ. ಕೆಟ್ಟರೆ, ಸರಿಯಾಗಿ ಕೆಲಸ ಮಾಡದಿದ್ದರೆ, ಅಥವಾ ಆ ಜಾಗದಲ್ಲಿ ಇಲ್ಲದೇ ಹೋದರೆ ವಿಮಾನ ಹೋಗಬಹುದು, ಜೀವ ಹೋಗಬಹುದು, ಹೇಳದೆ ಕೇಳದೆ ಎಂಜಿನ್ ನಿಲ್ಲಬಹುದು, ಅಂಥವು. ಇಂಥ ಭಾಗವನ್ನು ಯಾರಿಂದ ಕೊಳ್ಳಬೇಕು ಅನ್ನುವುದನ್ನು ಖರೀದಿ ಅಧಿಕಾರಿ ಒಬ್ಬರೇ ತೀರ್ಮಾನಿಸುವಂತಿಲ್ಲ. ಆ ವಿಮಾನದ ವಿನ್ಯಾಸಕ್ಕೆ ಹೊಣೆ ಹೊತ್ತ ಸೇನೆಯ ಎಂಜಿನಿಯರಿಂಗ್ ಕಚೇರಿ ಒಪ್ಪಬೇಕು. ದುಡ್ಡು ಕೊಡುವವರು ಒಬ್ಬರು, ಪೂರೈಕೆದಾರರನ್ನು ಒಪ್ಪುವವರು ಇನ್ನೊಬ್ಬರು. ಈ ಏರ್ಪಾಡು ನನಗೆ ತುಂಬಾ ಸರಿ ಅನ್ನಿಸುತ್ತದೆ, ಏಕೆಂದರೆ ಬೆಲೆ ಇಳಿಸುವ ಒತ್ತಡ ಇರುವ ಮನುಷ್ಯನ ಕೈಯಲ್ಲೇ ಸುರಕ್ಷತೆಯ ತೀರ್ಮಾನವನ್ನೂ ಇಟ್ಟರೆ ಯಾವತ್ತಾದರೂ ಒಂದು ದಿನ ತಪ್ಪು ಆಗಿಯೇ ಆಗುತ್ತದೆ.

ಈಗ ನೋಟಿಸು ಓದುವುದು ಹೇಗೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಮೊದಲು ಕಾಣುವುದು 13 ಅಂಕಿಯ ಸ್ಟಾಕ್ ನಂಬರ್. ಮೊದಲ ನಾಲ್ಕು ಅಂಕಿ ವರ್ಗ: 1560 ಅಂದರೆ ವಿಮಾನದ ಒಡಲಿನ ಭಾಗಗಳು, 1620 ಲ್ಯಾಂಡಿಂಗ್ ಗೇರ್, 2840 ಜೆಟ್ ಎಂಜಿನ್. ಮುಂದಿನ ಎರಡು ಅಂಕಿ ನಂಬರ್ ಕೊಟ್ಟ ದೇಶದ್ದು. ಕೊನೆಯ ಏಳು ಆ ವಸ್ತುವಿನದ್ದೇ. ಆಮೇಲೆ ಐದು ಅಕ್ಷರ-ಅಂಕಿಗಳ ಕೇಜ್ ಕೋಡ್, ಅದು ಪೂರೈಕೆದಾರನ ಗುರುತು. ಖರೀದಿ ಮಾಡುವವರು ಬಹಳಷ್ಟು ಸಲ ಡಿಫೆನ್ಸ್ ಲಾಜಿಸ್ಟಿಕ್ಸ್ ಏಜೆನ್ಸಿಯವರು. ಅದರ ವಿಮಾನ ವಿಭಾಗದ ಮುಖ್ಯ ಕಚೇರಿ ವರ್ಜೀನಿಯಾದ ರಿಚ್ಮಂಡ್‌ನಲ್ಲಿದೆ.

ನಿಜವಾದ ಗುಟ್ಟು ಇರುವುದು ಇನ್ನೊಂದು ಪುಟ್ಟ ಕೋಡ್‌ನಲ್ಲಿ. ಒಂದು ಅಂಕಿ, ಒಂದು ಅಕ್ಷರ, ಅಷ್ಟೇ. ಅಂಕಿ 1 ಅಥವಾ 2 ಇದ್ದರೆ ಪೈಪೋಟಿಗೆ ತೆರೆದದ್ದು. 3 ಅಥವಾ 4 ಇದ್ದರೆ ಅದನ್ನು ನಿಜವಾಗಿ ತಯಾರಿಸುವವರಿಂದಲೇ ಕೊಳ್ಳಬೇಕು. 5 ಇದ್ದರೆ ಅದನ್ನು ತಾನೇ ತಯಾರಿಸದ ಒಂದೇ ಒಂದು ಕಂಪನಿಯಿಂದ ಮಾತ್ರ, ಸಾಮಾನ್ಯವಾಗಿ ಅದು ವಿಮಾನದ ಮುಖ್ಯ ಕಂಪನಿ. ಪಕ್ಕದ ಅಕ್ಷರ ಕಾರಣ ಹೇಳುತ್ತದೆ. ಜಿ ಅಂದರೆ ಡ್ರಾಯಿಂಗ್, ಹಕ್ಕು ಎಲ್ಲ ಸರ್ಕಾರದ ಬಳಿ ಪೂರ್ತಿ ಇದೆ. ಸಿ ಅಂದರೆ ಎಂಜಿನಿಯರಿಂಗ್ ಒಪ್ಪಿಗೆ ಬೇಕೇ ಬೇಕು. ಡಿ ಅಂದರೆ ಡ್ರಾಯಿಂಗೇ ಸರ್ಕಾರದ ಕೈಯಲ್ಲಿಲ್ಲ. ಪಿ ಅಂದರೆ ಬೇರೆಯವರಿಂದ ಮಾಡಿಸಲು ಆ ಮಾಹಿತಿಯನ್ನು ಬಳಸುವ ಹಕ್ಕು ಸರ್ಕಾರಕ್ಕಿಲ್ಲ.

ಸಿ ಮತ್ತು ಪಿ ನಡುವಿನ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನೋಟಿಸಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಕೆಳಗೆ ಒಂದೋ ಎರಡೋ ಕಂಪನಿ. ಆದರೆ ಸಿ ಇರುವಲ್ಲಿ ಬಾಗಿಲು ಚಿಕ್ಕದಾಗಿರುವುದು ಜೀವದ ಕಾರಣಕ್ಕೆ. ಪಿ ಇರುವಲ್ಲಿ ಬಾಗಿಲ ಕೀಲಿಯೇ ಬೇರೆಯವರ ಜೇಬಿನಲ್ಲಿದೆ.

ಸಿ ಬಾಗಿಲಿನ ಒಳಗೆ ಹೋಗುವುದು ಹೇಗೆ? ಸೋರ್ಸ್ ಅಪ್ರೂವಲ್ ರಿಕ್ವೆಸ್ಟ್ ಅಂತ ಒಂದು ಅರ್ಜಿ. ಅರ್ಜಿ ಅಂದರೆ ಒಂದು ಹಾಳೆ ಅಂದುಕೊಳ್ಳಬೇಡಿ, ದಪ್ಪ ಕಟ್ಟು. ಈ ಭಾಗವನ್ನೇ ಮೊದಲು ಯಾರಿಗಾದರೂ, ಉದಾಹರಣೆಗೆ ವಿಮಾನದ ಮೂಲ ಕಂಪನಿಗೇ, ಮಾಡಿಕೊಟ್ಟಿದ್ದರೆ ದಾರಿ ಸುಲಭ. ಇಂಥದ್ದೇ ಬೇರೆ ಭಾಗ ಮಾಡಿದ್ದರೆ ಸ್ವಲ್ಪ ಕಷ್ಟ, ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ ತೋರಿಸಬೇಕು. ಎರಡೂ ಇಲ್ಲ, ಹೊಸದಾಗಿ ಮಾಡುತ್ತೇವೆ ಅಂದರೆ ತುಂಬಾ ಕಷ್ಟ. ಡ್ರಾಯಿಂಗ್, ಕಾರ್ಖಾನೆಯಲ್ಲಿ ಆ ಭಾಗ ಯಾವ ಮಷೀನಿನಿಂದ ಯಾವ ಮಷೀನಿಗೆ ಹೋಗುತ್ತದೆ ಅನ್ನುವ ಹಂತ ಹಂತದ ಹಾಳೆ, ಪ್ರತಿ ಹಂತದಲ್ಲಿ ಏನನ್ನು ಯಾವ ಸಾಧನದಿಂದ ಅಳೆಯುತ್ತೀರಿ, ಹೀಟ್ ಟ್ರೀಟ್‌ಮೆಂಟನ್ನೂ ಪ್ಲೇಟಿಂಗನ್ನೂ ಹೊರಗೆ ಕೊಡುತ್ತೀರಾದರೆ ಯಾರಿಗೆ ಕೊಡುತ್ತೀರಿ, ಹಳೆಯ ಆರ್ಡರುಗಳ ಪ್ರತಿ, ಎಲ್ಲ ಬೇಕು. ಡ್ರಾಯಿಂಗ್ ಮೇಲೆ ರಫ್ತು ನಿರ್ಬಂಧ ಇದ್ದರೆ ಅದನ್ನು ನೋಡಲಿಕ್ಕೇ ಅಮೆರಿಕ ಮತ್ತು ಕೆನಡಾ ಜಂಟಿಯಾಗಿ ಕೊಡುವ ಇನ್ನೊಂದು ಸರ್ಟಿಫಿಕೇಟ್ ಬೇಕು. ಪರಿಶೀಲನೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಬಹಳ ಜನ ಎಡವುವುದು ಸಮಯದ ವಿಷಯದಲ್ಲಿ. ನೋಟಿಸು ನೋಡಿದ ಮೇಲೆ ಅರ್ಜಿ ಹಾಕುತ್ತಾರೆ. ಆ ಖರೀದಿ ಅಷ್ಟು ಕಾಯುವುದಿಲ್ಲ, ವಿಮಾನ ಅಲ್ಲಿ ಪಿನ್ ಇಲ್ಲದೆ ನಿಂತಿರುತ್ತದೆ. ಇವರು ಹಾಕಿದ ಅರ್ಜಿ ಮುಂದಿನ ಸಲದ ಖರೀದಿಗೆ ಅಂತ ಲೆಕ್ಕ. ಗೊತ್ತಿರುವವರು ಇದನ್ನು ಮೊದಲೇ ಮಾಡಿಟ್ಟುಕೊಂಡಿರುತ್ತಾರೆ.

ಒಪ್ಪಿಗೆ ಸಿಕ್ಕಿದ ಮೇಲೂ ಮೊದಲ ಆರ್ಡರಿನಲ್ಲಿ ಹಲವು ಸಲ ಮೊದಲ ತುಂಡಿನ ಪರೀಕ್ಷೆ ಇರುತ್ತದೆ. ಒಂದೆರಡು ಮಾಡಿ ಕೊಡಬೇಕು, ಅವರು ಪ್ರತಿ ಅಳತೆಯನ್ನೂ ಡ್ರಾಯಿಂಗ್ ಜತೆ ತಾಳೆ ನೋಡಿ ಸರಿ ಅಂದಮೇಲೆ ಉಳಿದದ್ದು. ಕೆಲವಕ್ಕೆ ಸರ್ಕಾರದ ಇನ್‌ಸ್ಪೆಕ್ಟರ್ ಕಾರ್ಖಾನೆಗೇ ಬಂದು ನಿಂತು ನೋಡುತ್ತಾರೆ.

ಇಷ್ಟು ದೊಡ್ಡ ಬೇಲಿ ಹಾಕುವ ಅಧಿಕಾರವನ್ನು ಹೇಗೆ ಬೇಕಾದರೂ ಬಳಸಬಹುದು, ಅದಕ್ಕೇ ಬೇಲಿ ಹಾಕುವವರ ಮೇಲೂ ಕಾನೂನು ಇದೆ. ಇದು 1984ರದ್ದು. ಆ ಹೊತ್ತಿನಲ್ಲಿ ಬಿಡಿಭಾಗಗಳ ಬೆಲೆ ಅಮೆರಿಕದಲ್ಲಿ ದೊಡ್ಡ ಸುದ್ದಿಯಾಗಿತ್ತು: 435 ಡಾಲರಿನ ಸುತ್ತಿಗೆ, ಸ್ವಲ್ಪ ದಿನದ ಮೇಲೆ ಪಿ-3 ವಿಮಾನದ ಶೌಚಾಲಯದ ಸೀಟಿಗೆ 640 ಡಾಲರ್. ಆ ಕಾನೂನಿನ ಪ್ರಕಾರ, ಒಪ್ಪಿಗೆ ಪಡೆದವರು ಮಾತ್ರ ಅನ್ನುವ ಷರತ್ತು ಹಾಕುವ ಮುಂಚೆ ಯಾಕೆ ಅಂತ ಬರವಣಿಗೆಯಲ್ಲಿ ಕಾರಣ ಕೊಡಬೇಕು. ಅರ್ಹರಾಗಲು ಏನೇನು ಮಾಡಬೇಕು, ಪರೀಕ್ಷೆಗೆ ಸುಮಾರು ಎಷ್ಟು ಖರ್ಚಾಗುತ್ತದೆ ಅಂತ ಹೇಳಬೇಕು. ಪಟ್ಟಿಯಲ್ಲಿ ಹೆಸರಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ತಳ್ಳಿಹಾಕುವಂತಿಲ್ಲ; ಆರ್ಡರ್ ಕೊಡುವ ದಿನದೊಳಗೆ ಅರ್ಹತೆ ತೋರಿಸಿದರೆ ಪರಿಗಣಿಸಬೇಕು. ಪಟ್ಟಿಯಲ್ಲಿ ಇಬ್ಬರು ತಯಾರಕರೂ ಇಲ್ಲದಿದ್ದರೆ ಹೊಸಬರನ್ನು ಕರೆಯಬೇಕು. ಚಿಕ್ಕ ಕಂಪನಿ ಒಂದು ಬಂದರೆ ಮುಂದೆ ಪೈಪೋಟಿಯಿಂದ ಉಳಿತಾಯವಾಗುತ್ತದೆ ಅಂತ ಕಂಡರೆ, ಅದರ ಪರೀಕ್ಷೆಯ ಖರ್ಚನ್ನು ಸರ್ಕಾರವೇ ಹೊರಬೇಕು. 7 ವರ್ಷಕ್ಕೊಮ್ಮೆ ಷರತ್ತು ಇನ್ನೂ ಬೇಕಾ ಅಂತ ತಿರುಗಿ ನೋಡಬೇಕು. ಒಳ್ಳೆಯ ಕಾನೂನು. ಆದರೆ ಕಾನೂನು ಇದೆ ಅಂದ ಮಾತ್ರಕ್ಕೆ ದಪ್ಪ ಕಟ್ಟು ತೆಳ್ಳಗಾಗುವುದಿಲ್ಲ. ವರ್ಷಕ್ಕೆ ನಲವತ್ತು ಪಿನ್ ಮಾರಲು ಅಷ್ಟೆಲ್ಲ ಓಡಾಡುವ ಚಿಕ್ಕ ವರ್ಕ್‌ಶಾಪ್ ಸಿಗುವುದೇ ಕಷ್ಟ.

ಇನ್ನು ಪಿ ಬಾಗಿಲು. ದುಡ್ಡಿನ ಕಥೆ ಇಲ್ಲಿದೆ.

ಬಿ-52 ಬಾಂಬರ್ ಗೊತ್ತಲ್ಲ. ಕೊನೆಯದನ್ನು ತಯಾರಿಸಿದ್ದು 1962ರಲ್ಲಿ. ಇವತ್ತಿಗೂ ಹಾರುತ್ತಿದೆ. ಇಷ್ಟು ವಯಸ್ಸಾದ ವಿಮಾನದಲ್ಲಿ ಸಾವಿರಾರು ಸಣ್ಣ ಭಾಗಗಳಿದ್ದವು, ಅವನ್ನು ಮಾಡಿದ ಸಾವಿರಾರು ಚಿಕ್ಕ ಕಂಪನಿಗಳಿದ್ದವು. ಎಷ್ಟೋ ಮುಚ್ಚಿಹೋದವು, ಎಷ್ಟೋ ಮಾರಾಟವಾದವು. ಡ್ರಾಯಿಂಗ್ ಎಲ್ಲಿ ಹೋಯಿತೋ ಅಲ್ಲೇ ಅದನ್ನು ಮಾಡುವ ಹಕ್ಕೂ ಹೋಯಿತು. ಯಾವುದೇ ಹಳೆಯ ವಿಮಾನದ ಗತಿಯೂ ಇದೇ. ವಿಮಾನ ಕೊಂಡ ದಿನ ಡ್ರಾಯಿಂಗಿನ ಹಕ್ಕಿಗೆ ಬೇರೆ ದುಡ್ಡು ಕೊಡಬೇಕಲ್ಲ, ಅದನ್ನು ಉಳಿಸೋಣ ಅಂತ ಅವತ್ತು ಯಾರೋ ಬಿಟ್ಟಿರುತ್ತಾರೆ. ಮುಂದೆ ನಲವತ್ತು ವರ್ಷ ಅದಕ್ಕೆ ಬಡ್ಡಿ ಕಟ್ಟುತ್ತಾ ಇರುತ್ತಾರೆ.

ಆ ಬಡ್ಡಿ ಎಷ್ಟು ಅನ್ನುವುದಕ್ಕೆ ಒಂದು ದಾಖಲೆ ಇದೆ. 2019ರ ಫೆಬ್ರವರಿಯಲ್ಲಿ ಅಮೆರಿಕ ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಟ್ರಾನ್ಸ್‌ಡೈಮ್ ಅನ್ನುವ ಕಂಪನಿಯ ಬಗ್ಗೆ ವರದಿ ಕೊಟ್ಟರು. ಈ ಕಂಪನಿ ಬಿಡಿಭಾಗ ಮಾಡುವ ಬೇರೆ ಬೇರೆ ಕಂಪನಿಗಳನ್ನು ಕೊಂಡು ಬೆಳೆದದ್ದು, ಎಷ್ಟೋ ಭಾಗಗಳಿಗೆ ಇವರು ಬಿಟ್ಟರೆ ಬೇರೆ ಗತಿ ಇಲ್ಲ. ಪರಿಶೀಲಿಸಿದ 47 ಭಾಗಗಳಲ್ಲಿ 46ರ ಮೇಲೆ ಅತಿ ಲಾಭ ಅಂತ ವರದಿ ಹೇಳಿತು. ಶೇ. 15ರವರೆಗಿನ ಲಾಭವನ್ನು ಅವರು ನ್ಯಾಯವಾದದ್ದು ಅಂತ ಲೆಕ್ಕ ಹಿಡಿದಿದ್ದರು. ಸಿಕ್ಕಿದ್ದು ಶೇ. 4,451ರವರೆಗೆ. ಅದೇ ವರ್ಷ ಕಂಪನಿ 1.61 ಕೋಟಿ ಡಾಲರ್ ವಾಪಸ್ ಕೊಟ್ಟಿತು.

ಇದು ಹೇಗೆ ಸಾಧ್ಯವಾಯಿತು? ಇಲ್ಲಿ ಕಾನೂನಿನ ಒಂದು ಗೆರೆ ಇದೆ. ದೊಡ್ಡ ಆರ್ಡರ್ ಆದರೆ ಮಾರುವವರು ತಮ್ಮ ವೆಚ್ಚದ ಲೆಕ್ಕವನ್ನು ಪ್ರಮಾಣ ಮಾಡಿ ಕೊಡಬೇಕು. ಆಗ ಆ ಗೆರೆ 7.5 ಲಕ್ಷ ಡಾಲರ್ ಇತ್ತು, 2018ರ ಮಧ್ಯದಲ್ಲಿ ಅದನ್ನು 20 ಲಕ್ಷಕ್ಕೆ ಏರಿಸಿದರು. ಬಿಡಿಭಾಗದ ಆರ್ಡರುಗಳು ಬಹಳಷ್ಟು ಅದಕ್ಕಿಂತ ಚಿಕ್ಕವು. ಅಧಿಕಾರಿ ಲೆಕ್ಕ ಕೊಡಿ ಅಂತ ಕೇಳಿದರೂ ಕಂಪನಿ ಕೊಡಲ್ಲ ಅನ್ನಬಹುದು. ಅಧಿಕಾರಿ ಕೊನೆಗೆ ಮಾಡುವುದು ಒಂದೇ, ಹಳೆಯ ಬೆಲೆ ನೋಡಿ ಅದಕ್ಕೆ ಹೋಲಿಸುವುದು. ಹಳೆಯ ಬೆಲೆಯೇ ಜಾಸ್ತಿ ಆಗಿದ್ದರೆ? ಹೊಸದೂ ಸರಿಯಾಗಿಯೇ ಕಾಣುತ್ತದೆ. ಆ ಅಧಿಕಾರಿಯ ಜಾಗದಲ್ಲಿ ಕೂತು ಯೋಚಿಸಿದರೆ ನನಗೆ ಸಂಕಟ ಆಗುತ್ತದೆ. ಬೆಲೆ ಜಾಸ್ತಿ ಅಂತ ಗೊತ್ತು. ಬೇಡ ಅಂದರೆ ವಿಮಾನ ನೆಲದ ಮೇಲೇ ಉಳಿಯುತ್ತದೆ.

ಹಾಗಾದರೆ ಬೇಲಿ ತೆಗೆದುಬಿಡೋಣ, ಮಾರುಕಟ್ಟೆಯಲ್ಲಿ ಯಾರ ಹತ್ತಿರ ಸಿಗುತ್ತದೋ ಅವರಿಂದ ಕೊಳ್ಳೋಣ ಅಂದರೆ ಏನಾಗುತ್ತದೆ ಅನ್ನುವುದಕ್ಕೂ ದಾಖಲೆ ಇದೆ. 2012ರ ಮೇ ತಿಂಗಳಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ನಕಲಿ ಎಲೆಕ್ಟ್ರಾನಿಕ್ ಭಾಗಗಳ ಬಗ್ಗೆ ವರದಿ ಕೊಟ್ಟಿತು. ಎರಡೇ ವರ್ಷದ ಅವಧಿಯಲ್ಲಿ ಸುಮಾರು 1,800 ಅನುಮಾನದ ಪ್ರಕರಣ, ಒಟ್ಟು 10 ಲಕ್ಷಕ್ಕೂ ಹೆಚ್ಚು ಬಿಡಿಭಾಗ. ಹಳೆಯ ಸರ್ಕ್ಯೂಟ್ ಬೋರ್ಡುಗಳಿಂದ ಚಿಪ್ ಕಿತ್ತು, ಮೇಲಿನ ಬರಹ ಉಜ್ಜಿ ತೆಗೆದು, ಹೊಸ ನಂಬರ್ ಹಾಕಿ, ಹೊಸದು ಅಂತ ಮಾರುತ್ತಿದ್ದರು. ಜಾಡು ಹಿಡಿದು ಹೋದರೆ ನಾಲ್ಕೈದು ದಲ್ಲಾಳಿಗಳ ಕೈ ದಾಟಿ ಬಂದಿರುತ್ತಿತ್ತು. ಆ ತನಿಖೆಯಲ್ಲಿ ಬಂದ ಒಂದು ಸಂಗತಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ಪಿ-8ಎ ಅನ್ನುವ ನೌಕಾಪಡೆಯ ವಿಮಾನ. ಅದರಲ್ಲಿ ವಿಮಾನದ ಮೈಮೇಲೆ ಹಿಮ ಕಟ್ಟುತ್ತಿದೆಯಾ ಅಂತ ಪೈಲಟ್‌ಗೆ ಎಚ್ಚರಿಕೆ ಕೊಡುವ ಒಂದು ಪೆಟ್ಟಿಗೆ. ಅದನ್ನು ತೆರೆದು ನೋಡಿದರೆ ಒಂದು ಚಿಪ್ ಜಾಗದಿಂದ ಕಳಚಿಕೊಂಡು ಒಳಗೆ ಸುಮ್ನೆ ಲೊಡಲೊಡ ಅಂತ ಉರುಳಾಡುತ್ತಿತ್ತು. ಹೊಸದು ಅಂತ ಮಾರಿದ್ದ ಹಳೆಯ ಚಿಪ್.

ಒಪ್ಪಿಗೆ ಪಡೆದವರ ಕೈಯಿಂದ ಬಂದದ್ದೆಲ್ಲ ಚಿನ್ನ ಅಂತಲೂ ಅಲ್ಲ. 2023ರ ನವೆಂಬರ್ 29ರಂದು ಜಪಾನಿನ ಯಾಕುಶಿಮಾ ದ್ವೀಪದ ಹತ್ತಿರ ಅಮೆರಿಕ ವಾಯುಪಡೆಯ ಆಸ್ಪ್ರೆ ವಿಮಾನ ಬಿದ್ದು 8 ಜನ ಸತ್ತರು. ಗೇರ್‌ಬಾಕ್ಸಿನ ಒಳಗಿನ ಒಂದು ಗೇರ್ ಬಿರುಕು ಬಿಟ್ಟು ಒಡೆದಿತ್ತು. ಉಕ್ಕಿನೊಳಗೆ ಕರಗಿಸುವಾಗ ಉಳಿದ ಕಲ್ಮಶದ ಕಡೆಗೆ ಬೆರಳು ಹೋಯಿತು. ಈಗ ಆ ಗೇರ್‌ಗಳಿಗೆ ಉಕ್ಕನ್ನು ಎರಡರ ಬದಲು ಮೂರು ಸಲ ಕರಗಿಸಿ ಶುದ್ಧ ಮಾಡುವ ಕ್ರಮಕ್ಕೆ ಹೋಗುತ್ತಿದ್ದಾರೆ. ಇಲ್ಲಿ ನಕಲಿ ಯಾರೂ ಮಾಡಿರಲಿಲ್ಲ. ಆದರೆ ಇಂಥ ಹೊತ್ತಿನಲ್ಲಿ ಸರಿಯಾದ ದಾಖಲೆ ಇರುವ ಭಾಗಕ್ಕೂ ಇಲ್ಲದ್ದಕ್ಕೂ ಇರುವ ಅಂತರ ಏನು ಅಂತ ಗೊತ್ತಾಗುತ್ತದೆ. ದಾಖಲೆ ಇದ್ದರೆ, ಈ ಭಾಗ ಯಾವ ಕರಗಿನ ಉಕ್ಕಿನಿಂದ ಬಂತು, ಅದೇ ಕರಗಿನಿಂದ ಮಾಡಿದ ಬೇರೆಯವು ಯಾವ ಯಾವ ವಿಮಾನದಲ್ಲಿವೆ ಅಂತ ಹುಡುಕಬಹುದು. ಇಲ್ಲದಿದ್ದರೆ ಎಲ್ಲ ವಿಮಾನವನ್ನೂ ಬಿಚ್ಚಬೇಕು, ಅಥವಾ ಇನ್ನೊಂದು ಬೀಳುವವರೆಗೆ ಕಾಯಬೇಕು.

ನನಗೆ ಅನ್ನಿಸುವುದು ಇಷ್ಟು. ಸಿ ಬಾಗಿಲನ್ನು ಹಾಗೇ ಇಡಬೇಕು, ಅದರ ಒಂದು ಇಟ್ಟಿಗೆಯನ್ನೂ ಬೆಲೆಯ ಕಾರಣಕ್ಕೆ ತೆಗೆಯಬಾರದು. ತೆಗೆಯಬೇಕಾದದ್ದು ಅದರ ಮುಂದಿನ ಕ್ಯೂ. ಪರಿಶೀಲಿಸುವ ಎಂಜಿನಿಯರುಗಳು ಜಾಸ್ತಿ ಬೇಕು, ಅರ್ಜಿಗೆ ಬೇಗ ಉತ್ತರ ಬರಬೇಕು, ತಿರಸ್ಕರಿಸಿದರೆ ಎಲ್ಲಿ ಕಮ್ಮಿ ಅಂತ ಬಿಡಿಸಿ ಹೇಳಬೇಕು. ಪಿ ಬಾಗಿಲಿಗೆ ಮದ್ದು ಮಾಡಬೇಕಾದದ್ದು ವಿಮಾನ ಕೊಳ್ಳುವ ದಿನವೇ, ಆವತ್ತು ಮಾತ್ರ ಕೊಳ್ಳುವವನ ಮಾತಿಗೆ ತೂಕ ಇರುತ್ತದೆ. ಆವತ್ತು ತಪ್ಪಿದರೆ ಆಮೇಲೆ ಉಳಿಯುವುದು ಕಷ್ಟದ ದಾರಿ: ಇರುವ ಭಾಗವನ್ನೇ ಅಳೆದು, ಲೋಹ ಪರೀಕ್ಷಿಸಿ, ಡ್ರಾಯಿಂಗನ್ನು ಹೊಸದಾಗಿ ಬರೆಯುವುದು. ಮಾಡುತ್ತಾರೆ, ಆಗುತ್ತದೆ. ಆದರೆ ಓವನ್ನಿನಲ್ಲಿ ಎಷ್ಟು ಗಂಟೆ ಇಟ್ಟಿದ್ದರು ಅನ್ನುವುದು ಪಿನ್ ಅಳೆದರೆ ಸಿಗುವುದಿಲ್ಲ ಅಂತ ಆಗಲೇ ನೋಡಿದೆವಲ್ಲ. ಅದನ್ನೆಲ್ಲ ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿ ಕಂಡುಕೊಳ್ಳಬೇಕು.

ಒಂದು ಚಿಕ್ಕ ವರ್ಕ್‌ಶಾಪ್ ಇದೆಲ್ಲ ದಾಟಿ ಬಂತು ಅಂತಿಟ್ಟುಕೊಳ್ಳಿ. ಮುಂದಿನ ಸಲ ಅದೇ ಪಿನ್ನಿಗೆ ನೋಟಿಸು ಬಂದಾಗ ಕೆಳಗೆ ಎರಡು ಕೋಡ್ ಇದ್ದ ಕಡೆ ಮೂರು ಇರುತ್ತವೆ. ಹೊರಗಿನವರಿಗೆ ಏನೂ ಬದಲಾದ ಹಾಗೆ ಕಾಣಲ್ಲ, ಐದು ಅಕ್ಷರ ಜಾಸ್ತಿ ಅಷ್ಟೇ. ಮೊದಲಿನ ಇಬ್ಬರು ಮಾತ್ರ ಈ ಸಲ ಬೆಲೆ ಬರೆಯುವ ಮುಂಚೆ ಒಂದು ನಿಮಿಷ ಕೂತು ಯೋಚಿಸುತ್ತಾರೆ. ಇತ್ತ ವರ್ಕ್‌ಶಾಪಿನ ಫೈಲಿನಲ್ಲಿ ಮೊದಲ ಬ್ಯಾಚಿನ ಓವನ್ ಚಾರ್ಟ್ ಕೂತಿರುತ್ತದೆ. ಒಳಗೆ ಹೋದ ಹೊತ್ತು, ಹೊರಗೆ ತೆಗೆದ ಹೊತ್ತು, ಎರಡಕ್ಕೂ ಸಹಿ.